ಒಲೆಯ ಮುಂದಿನ ತಗಡು ಮತ್ತು ಗಾಡಿಯ ಮೂಗು

ನಮ್ಮ ಒಲೆಯ ಮುಂದೆ ರೊಟ್ಟಿ ಆನಿಸಿ ನಿಲ್ಲಿಸುತ್ತಿದ್ದ ಬಾಗಿದ ತಗಡು ಎಲ್ಲಿ ಹೋಯಿತು ಎಂದು ಹೋದ ದೀಪಾವಳಿಗೆ ಬಂದಾಗ ಮೊಮ್ಮಕ್ಕಳು ನೀವು ಕೇಳಿದಿರಿ. ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಪ್ರಶ್ನೆ ಮುಗಿಯುವ ಮೊದಲೇ ಎದ್ದು ದನಗಳಿಗೆ ನೀರು ಕುಡಿಸಲು ಹೋದ. ಅವತ್ತು ದನಗಳಿಗೆ ಅದು ಮೂರನೆಯ ಸಲದ ನೀರು. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಆದ್ದರಿಂದ ಬರೆಯುತ್ತೇನೆ. ಊರ ಸಾಲಿಯಲ್ಲಿ ಏಳನೆಯವರೆಗೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತಗಡಿನ ಕಥೆ ಗಾಡಿಯಿಂದ ಶುರುವಾಗುತ್ತದೆ. ನಿಮ್ಮ ಅಜ್ಜ ಬೀದರಿನ ಒಂದು ಹರಾಜಿನಲ್ಲಿ ಹಳೆಯ ಪೆಟ್ರೋಲ್ ಟ್ರಕ್ಕು ತಂದಿದ್ದರು. ಯಾವುದೋ ಚಳಿ ದೇಶದ ಜನ ಕಟ್ಟಿದ ಗಾಡಿ. ಅದರ ಇಂಜಿನ್ನಿನ ಮೇಲೆ ರೊಟ್ಟಿ ಬುಟ್ಟಿಯಷ್ಟು ಅಗಲದ ಒಂದು ದುಂಡು ಡಬ್ಬಿ, ಗಾಳಿ ಸೋಸುವುದಕ್ಕೆ. ಡಬ್ಬಿಗೆ ಒಂದು ಉದ್ದನೆಯ ಮೂಗು. ಮೂಗಿನೊಳಗೆ ಒಂದು ಪುಟ್ಟ ತಗಡಿನ ಕದ. ಇಂಜಿನ್ ತಣ್ಣಗಿದ್ದಾಗ ಆ ಕದ ಎದ್ದು ಹೊರಗಿನ ಥಂಡಿ ಗಾಳಿಯನ್ನು ತಡೆದು, ಕೆಳಗಿನಿಂದ ಬಿಸಿ ಗಾಳಿಯನ್ನು ಬಿಡುತ್ತದೆ. ಇಂಜಿನ್ ಕಾದ ಮೇಲೆ ತಾನಾಗಿ ಇಳಿಯುತ್ತದೆ. ಅದನ್ನು ಎತ್ತುವುದು ಇಂಜಿನ್ನಿನದೇ ಉಸಿರು. ಸಣ್ಣ ರಬ್ಬರ್ ನಳಿಗೆಯೊಳಗಿಂದ ಅದು ಗಾಳಿ ಎಳೆದರೆ ಮೂಗಿನ ಮೇಲಿರುವ ದುಂಡು ಬಿಲ್ಲೆ ಕದವನ್ನು ಎತ್ತುತ್ತದೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆ ನಳಿಗೆಯ ತುದಿ ವರ್ಷಕ್ಕೊಮ್ಮೆ ನನ್ನ ಬಾಯಲ್ಲಿರುತ್ತಿತ್ತು. ಚಳಿಗಾಲ ಹತ್ತುವ ಮೊದಲು ಒಂದು ಮುಂಜಾನೆ, ಇಂಜಿನ್ ಹಚ್ಚುವುದಕ್ಕೂ ಮುಂಚೆ, ನಿಮ್ಮ ಅಜ್ಜ ನನ್ನನ್ನು ಕರೆದು ನಳಿಗೆ ಕೈಗೆ ಕೊಡುತ್ತಿದ್ದರು.

"ಎಳಿ," ಅನ್ನುತ್ತಿದ್ದರು. ನಾನು ಉಸಿರೆಳೆದರೆ ಕದ ಮೇಲೇಳುತ್ತಿತ್ತು. "ಈಗ ನಾಲಿಗಿ ಹಚ್ಚು. ಬಿಡಬ್ಯಾಡ."

ನಾಲಿಗೆಯಿಂದ ತುದಿ ಮುಚ್ಚಿದಷ್ಟು ಹೊತ್ತು ಕದ ಎದ್ದೇ ಇರಬೇಕು. ಇಳಿದರೆ ಬಿಲ್ಲೆ ತೂತಾಗಿದೆ ಎಂದರ್ಥ. ಅವರು ಹತ್ತರವರೆಗೆ ಎಣಿಸುತ್ತಿದ್ದರು. ಏಳರ ನಂತರ ಬೇಕೆಂತಲೇ ನಿಧಾನ ಮಾಡುತ್ತಿದ್ದರು. ನಾನು ಬಾಯಿ ಬಿಡದೆ ನಿಂತದ್ದು ಅವರಿಗೆ ತಮಾಷೆ. ಮದುವೆಯಾಗಿ ಬಂದ ದಿನದಿಂದ ನಾನು ಹಾಗೇ ನಿಂತಿದ್ದೆ ಅನ್ನುವುದು ಅವರಿಗೆ ನೆನಪಿರಲಿಲ್ಲ.

ಅವರು ತೀರಿಕೊಂಡ ಮೇಲೆ ಗಾಡಿ ಮೈದುನನ ಕೈಗೆ ಬಂತು. ವಾರಕ್ಕೊಮ್ಮೆ ಔರಾದ ಕಡೆಯ ನಮ್ಮ ಊರಿನಿಂದ ಕುರಿಗಳನ್ನು ಹೇರಿಕೊಂಡು ಭಾಲ್ಕಿ ಸಂತೆಗೆ ಹೋಗುತ್ತಿದ್ದೆವು. ಕುರಿಗಳು ನನ್ನವು, ಆದ್ದರಿಂದ ಮುಂದಿನ ಸೀಟಿನಲ್ಲಿ ನಾನೂ ಇರುತ್ತಿದ್ದೆ. ನಮ್ಮ ಓಣಿಯಲ್ಲಿ ಗಂಡ ಇಲ್ಲದ ಹೆಂಗಸು ಹೊಸ್ತಿಲು ದಾಟಿದರೆ ನಾಲ್ಕು ಮನೆಯವರು ಎಲ್ಲಿಗೆ ಎಂದು ಕೇಳುತ್ತಾರೆ. ಕುರಿಗಳ ಜೊತೆ ಹೊರಟರೆ ಯಾರೂ ಕೇಳುವುದಿಲ್ಲ. ವಾರಕ್ಕೆ ಆ ಒಂದು ದಿನ ನಾನು ಮಾಂಜ್ರಾ ಹೊಳೆ ನೋಡುತ್ತಿದ್ದೆ, ಸಂತೆಯಲ್ಲಿ ಒಬ್ಬಳೇ ಕೂತು ಚಹಾ ಕುಡಿಯುತ್ತಿದ್ದೆ, ಯಾರ ಕುರಿ ಎಷ್ಟು ಬಡವಾಗಿದೆ ಎಂದು ಮನಸ್ಸಿನಲ್ಲೇ ಟೀಕೆ ಮಾಡುತ್ತಿದ್ದೆ. ಗಾಡಿ ಹೋದರೆ ದಲಾಲ ಬಾಗಿಲಿಗೇ ಬಂದು ಕುರಿ ಹೊಡೆದುಕೊಂಡು ಹೋಗುತ್ತಾನೆ, ನನ್ನ ಸಂತೆಯ ದಿನವೂ ಅವನ ಹಿಂದೆ ಹೋಗುತ್ತದೆ.

ಗಾಡಿ ಹೋಗುವ ಲಕ್ಷಣ ಎರಡು ಚಳಿಗಾಲದ ಹಿಂದೆ ಕಂಡಿತು. ಬೇಸಿಗೆಯಲ್ಲಿ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಚಳಿ ಬಿದ್ದು ಹೊಳೆಯ ಮೇಲೆ ಮಂಜು ಹಬ್ಬಿದ ಮುಂಜಾನೆ ಮಾತ್ರ, ಸೇತುವೆ ಹತ್ತಿರ ಬಂದಾಗ ಅದು ಮುದುಕನಂತೆ ಕೆಮ್ಮಿ, ಎರಡು ಸಲ ಜಗ್ಗಾಡಿ, ಸುಮ್ಮನಾಗುತ್ತಿತ್ತು.

ಮೊದಲ ಸಲ ಮೈದುನ ಗಾಲಿಗೆ ಒದ್ದು, ಪಕ್ಕಕ್ಕೆ ಕೂತು ಬೀಡಿ ಸೇದಿದ. ಬೀಡಿ ಮುಗಿದ ಮೇಲೆ ಕೀಲಿ ತಿರುಗಿಸಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. "ಪೆಟ್ರೋಲ್ ದಾಗ ಕಚರಾ ಬಂದಿತ್ತು ವೈನಿ, ಒದ್ದಿದ್ದಕ್ಕ ಸರಿ ಆತು," ಅಂದ. ಎರಡನೆಯ ಸಲ ಪ್ಲಗ್ ಬಿಚ್ಚಿ, ಊದಿ, ಪಂಚೆಯಿಂದ ಒರೆಸಿ ಹಾಕಿದ. ಗಾಡಿ ಹೊರಟಿತು, ಪ್ಲಗ್ಗಿನ ದೋಷವೆಂದು ತೀರ್ಮಾನವಾಯಿತು. ಮೂರನೆಯ ಸಲ ಹಾದಿಯಲ್ಲಿ ಹೋಗುತ್ತಿದ್ದ ಲಾರಿಯವನೊಬ್ಬ ನಿಂತು, ದೋಷ ಗಾಡಿಯದಲ್ಲ, ಜಾಗದ್ದು ಅಂದ. ಅವನೇ ಒಂದು ಕಾಯಿ ಕೊಟ್ಟ. ಮೈದುನ ರಸ್ತೆ ಬದಿಯ ಕಲ್ಲಿನ ಮೇಲೆ ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಕೈಮುಗಿದು ಬಂದು ಕೀಲಿ ತಿರುಗಿಸಿದ. ಗಾಡಿ ಹೊರಟಿತು.

ಅಲ್ಲಿಂದ ಮುಂದೆ ಬೇರೆ ಉಪಾಯ ಹುಡುಕುವ ಕಷ್ಟವೇ ಉಳಿಯಲಿಲ್ಲ. ಗಾಡಿ ನಿಲ್ಲುತ್ತಿತ್ತು, ಕಾಯಿ ಒಡೆಯುತ್ತಿತ್ತು, ಗಾಡಿ ಹೊರಡುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಆ ಕಲ್ಲಿಗೆ ಯಾರೋ ಸುಣ್ಣ ಬಳಿದರು. ಮುಂದಿನ ಚಳಿಗಾಲಕ್ಕೆ ಅದರ ಮೇಲೊಂದು ಬಾವುಟ ಬಂತು. ನಮ್ಮ ಗಾಡಿಯ ಕೆಮ್ಮಿನಿಂದ ಒಂದು ದೇವರೇ ಹುಟ್ಟಿಕೊಂಡಿತು, ಕೆಮ್ಮು ಮಾತ್ರ ಹೋಗಲಿಲ್ಲ.

ಮೈದುನ ಬರೀ ದೇವರನ್ನು ನಂಬಿ ಕೂತವನಲ್ಲ. ಬೀದರಿಗೆ ಹೋಗಿ ಒಂದು ದೊಡ್ಡ ಗ್ಯಾರೇಜಿನಲ್ಲಿಯೂ ತೋರಿಸಿದ. ಕುರಿಗಳ ನೆಪ ಹೇಳಿ ನಾನೂ ಹೋಗಿದ್ದೆ. ಅಲ್ಲಿಯ ಮೆಕ್ಯಾನಿಕ್ ಲ್ಯಾಪ್‌ಟಾಪಿನ ವಯರು ಹಿಡಿದುಕೊಂಡು ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿದ.

"ಇದಕ್ಕ ವಯರ್ ಚುಚ್ಚೋ ಜಾಗನೇ ಇಲ್ಲಲ್ಲರಿ," ಅಂದ.

"ಇಲ್ಲಂದ್ರ ಏನ್ ಮಾಡದ್ರಿ?" ಎಂದು ಮೈದುನ ಕೇಳಿದ.

"ಜಾಗ ಇದ್ದಿದ್ರ ರೋಗ ಏನದ ಹೇಳತಿದ್ದೆ. ಈಗ ಜಾಗ ಇಲ್ಲ ಅನ್ನೋದೇ ರೋಗ."

ಹಾಗೆಂದು ಅವನು ಬರಿಗೈಲಿ ಕಳಿಸಲಿಲ್ಲ. ಮೂಗಿನ ಕೆಳಗೆ ಜೋತಾಡುತ್ತಿದ್ದ ಸುರುಳಿ ಕೊಳವೆ ನೋಡಿ, "ಇದು ಬಿಸಿ ಗಾಳಿ ತರೋ ಪೈಪ್. ನಮ್ಮ ಬಿಸಿಲ ಸೀಮ್ಯಾಗ ಇದರ ಕೆಲಸ ಏನದರಿ?" ಎಂದು ನಕ್ಕ. ಮೈದುನನೂ ನಕ್ಕ. ಇಬ್ಬರೂ ಸ್ವೆಟರ್ ಹಾಕಿಕೊಂಡಿದ್ದರು. ಮೈದುನ ಮಫ್ಲರನ್ನು ಕಿವಿಯ ಮೇಲೆ ಎರಡು ಸುತ್ತು ಸುತ್ತಿದ್ದ.

ಆಗ ನನಗೆ ಅನುಮಾನ ಬಂತು. ರೋಗ ಮೂಗಿನಲ್ಲಿದೆ ಅನ್ನಿಸಿತು. ನಿಮ್ಮ ಅಜ್ಜ ಹೋದ ಮೇಲೆ ನಳಿಗೆ ಯಾರೂ ಎಳೆದಿರಲಿಲ್ಲ. ಅದನ್ನು ಹೇಳುವುದು ಹೇಗೆ? ನಮ್ಮ ಕಡೆ ಹೆಂಗಸರು ಗಂಡಸರ ಕೆಲಸದ ಬಗ್ಗೆ ಹೇಳಬೇಕಾದದ್ದನ್ನು ಅವರಿಗೆ ನೇರವಾಗಿ ಹೇಳುವುದಿಲ್ಲ. ಕುರಿಗೋ ಕೋಳಿಗೋ ತೊಟ್ಟಿಲ ಕೂಸಿಗೋ ಹೇಳುತ್ತೇವೆ. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ನನ್ನ ಅತ್ತೆ ಈ ಮನೆಯನ್ನು ಮೂವತ್ತು ವರ್ಷ ಒಂದು ಎಮ್ಮೆಯ ಮೂಲಕ ನಡೆಸಿದವರು.

ಹಾಗಾಗಿ ಒಂದು ಮುಂಜಾನೆ ಮೈದುನ ಅಂಗಳದಲ್ಲಿ ಹಲ್ಲುಜ್ಜುವಾಗ, ಕಿವಿಯ ಮೇಲೆ ಕಪ್ಪು ಮಚ್ಚೆಯ ನಮ್ಮ ಹೆಣ್ಣುಕುರಿಗೆ ತೌಡು ಹಾಕುತ್ತಾ ಹೇಳಿದೆ: "ಮೂಗು ಕಟ್ಟ್ಯಾದ ನೋಡು. ಥಂಡಿಗೆ ಮೂಗು ಕಟ್ಟಿದ್ರ ಉಸಿರಾಡೋದು ಹ್ಯಾಂಗ? ಯಾರರ ತೆಗದು ನೋಡಬೇಕು."

ಮೈದುನ ಬಾಯಿ ಮುಕ್ಕಳಿಸಿ ಹೋದ. ಸಂಜೆ ದನದ ದವಾಖಾನೆಯಿಂದ ಒಂದು ಬಾಟಲಿ ಔಷಧ ತಂದು, ಕುರಿಯ ತಲೆ ಹಿಡಿದು ಮೂಗಿಗೆ ಬಿಟ್ಟ. ಕುರಿ ಮೂರು ದಿನ ಸೀನಿತು.

ಅದರ ಮರುವಾರ ಕಮಲನಗರದಿಂದ ಭಂಗಾರದವ, ಹಳೆಯ ಗಾಡಿ ಒಡೆದು ಮಾರುವ ಮನುಷ್ಯ, ನಮ್ಮ ಅಂಗಳಕ್ಕೆ ಬಂದ. ಗಾಡಿಯ ಹೊಟ್ಟೆಗೆ ಬಡಿದು ನೋಡಿದ, ಬಾಗಿಲು ತೆಗೆದು ಹಾಕಿದ, ಗಾಜಿನ ಮೇಲೆ ಬೆರಳಾಡಿಸಿದ. ಸಂತೆಯಲ್ಲಿ ನಾನು ಕುರಿ ನೋಡುವುದೂ ಹಾಗೇ. ಆದರೆ ನಾನು ಕುರಿಯ ಮುಂದೆ ಅದರ ಮಾಂಸದ ಮಾತಾಡುವುದಿಲ್ಲ.

"ಕಶಾಲಾ ಇಟ್ಟೀರಿ ಭಾವು ಇದನ್ನ? ಲೋಖಂಡ ಛಲೋ ಅದ. ಇವತ್ತೇ ಒಯ್ತೇನಿ," ಅಂದ. ಯಾಕೆ ಇಟ್ಟಿದ್ದೀರಿ, ಕಬ್ಬಿಣ ಚೆನ್ನಾಗಿದೆ ಎಂದು ಅವನ ಮರಾಠಿ ಬೆರೆತ ಮಾತು.

ಮೈದುನ ನನ್ನ ಕಡೆ ನೋಡಿದ. ನಾನು ಸೆರಗಿನ ತುದಿ ನೋಡಿದೆ.

"ಬರೋ ಸಂತಿ ಒಂದು ನೋಡೋಣ," ಎಂದು ಮೈದುನ ಹೇಳಿದ. "ದೇವರಿಗೆ ದೊಡ್ಡ ಪೂಜಾ ಹೇಳೀನಿ. ಅದಾದ ಮ್ಯಾಲೂ ನಿಂತ್ರ ಅದರ ಮುಂದಿನ ಸಂತಿ ದಿನ ಭಾಲ್ಕ್ಯಾಗೇ ನಿನ್ನ ಕೈಗೆ ಕೀಲಿ."

ಸಂತೆಯ ದಿನ ಕಲ್ಲಿಗೆ ದೊಡ್ಡ ಪೂಜೆಯೇ ಆಯಿತು. ಹೋದ ಕೂಡಲೇ ಐದು ಕಾಯಿ ಒಡೆದು, ಪೂಜೆ ಮುಗಿಸಿ ಸೇತುವೆ ಹತ್ತಿದೆವು. ಗಾಡಿ ಸೇತುವೆಯ ನಡುವೆ ನಿಂತಿತು. ಮೈದುನ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಕೂತ. ಬೈಯಲೂ ಇಲ್ಲ, ಬೀಡಿಯೂ ಹಚ್ಚಲಿಲ್ಲ. ಹತ್ತು ನಿಮಿಷ ಕಳೆದು, ಏನೂ ಮಾಡದೆ ಕೀಲಿ ತಿರುಗಿಸಿದರೂ ಗಾಡಿ ಹೊರಟಿತು. ಅದನ್ನು ಅವನು ಗಮನಿಸಲಿಲ್ಲ, ನಾನು ಗಮನಿಸಿದೆ.

"ಆತು ವೈನಿ," ಅಂದ. "ಮುಂದಿನ ಸಂತಿಗೆ ಕೊಟ್ಟುಬಿಡೋಣ."

ಭಾಲ್ಕಿ ಸಂತೆಯಲ್ಲಿ ಅವತ್ತು ಆ ಹೆಣ್ಣುಕುರಿಯನ್ನೂ ಮಾರಲು ತಂದಿದ್ದೆ. ಔಷಧ ಬಿಟ್ಟ ಮೇಲೆ ಅದು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಬಿಳಿ ಗಡ್ಡದ ಒಬ್ಬ ಮುದುಕ ಅದರ ಬೆನ್ನು ಒತ್ತಿ ನೋಡುತ್ತಾ ಕೂತ. ಉಗುರ ಸಂದಿಯಲ್ಲೆಲ್ಲ ಹಳೆಯ ಗ್ರೀಸು. ಅವನಿಗೆ ಕೇಳಲೆಂದು ನಾನು ಅಂದದ್ದಲ್ಲ, ಕುರಿಗೇ ಅಂದದ್ದು.

"ನೀನೂ ಹೋಗ್ತಿ, ಗಾಡೀನೂ ಹೋಗ್ತದ. ಮೂಗಿನ ಕದ ಒಂದು ಎದ್ದಿದ್ರ ಗಾಡಿ ಉಳೀತಿತ್ತು. ಯಾರಿಗಿ ಹೇಳಲಿ?"

ಮುದುಕ ಕುರಿಯ ಬೆನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕುರಿಯ ಕಿವಿಯ ಹತ್ತಿರ ಬಾಗಿ, "ಯಾವ ಗಾಡಿ ಬೇಟಾ?" ಎಂದು ಕೇಳಿದ.

ಭಾಲ್ಕಿಯಲ್ಲಿ ಒಂದು ಕಾಲಕ್ಕೆ ಪೆಟ್ರೋಲ್ ಗಾಡಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಉಸ್ತಾದ ಅವನು ಎಂದು ಆಮೇಲೆ ತಿಳಿಯಿತು. ಇಂಥ ಗಾಡಿಗಳು ಕಡಿಮೆಯಾದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿದ್ದ. ಕುರಿ ನನ್ನ ಬಾಯಿಂದ ಎಲ್ಲ ಹೇಳಿತು: ಚಳಿ, ಮಂಜು, ಸೇತುವೆ, ಕಾಯಿ, ಹತ್ತು ನಿಮಿಷ. ಉಸ್ತಾದ ಎದ್ದು ಮೈದುನನ ಹತ್ತಿರ ಹೋದ.

"ಬಾನೆಟ್ ತೆಗಿ ಮಿಯಾ. ನಿನ್ನ ಗಾಡಿಯಾಗ ಬರ್ಫ ಕಟ್ಟಲತದ."

"ಬೀದರ ಜಿಲ್ಹಾದಾಗ ಬರ್ಫ?" ಮಂಜುಗಡ್ಡೆಯ ಮಾತಿಗೆ ಮೈದುನ ನಕ್ಕ. "ನಮ್ಮ ಗಾಡಿ ಕಾಶ್ಮೀರಕ್ಕ ಹೋಗಿ ಬಂದಿಲ್ಲರಿ ಚಾಚಾ."

"ಪೆಟ್ರೋಲ್ ಹಾರಿ ಹೋಗೋವಾಗ ಕಾರ್ಬುರೇಟರ್ ಥಂಡಾ ಆಗ್ತದ. ಮೊದಲೇ ಥಂಡಿ, ಮ್ಯಾಲ ಮಂಜಿನ ನೀರು. ಒಳಗ ಬರ್ಫ ಕಟ್ಟಿ ಗಂಟಲ ಮುಚ್ಚತದ. ನೀ ಹತ್ತು ಮಿನಿಟ್ ನಿಂತಾಗ ಇಂಜಿನ್ ಝಳಕ್ಕ ಕರಗತದ. ಕಾಯಿ ಒಡದ್ರೂ ಕರಗತದ, ಒಡೀದಿದ್ರೂ ಕರಗತದ."

ಮೈದುನ ಸುತ್ತ ನೋಡಿದ, ಆ ಕಲ್ಲಿಗೆ ಕೇಳಿಸಿತೋ ಎಂಬಂತೆ.

ಉಸ್ತಾದ ಮೂಗಿನೊಳಗೆ ಬೆರಳು ಹಾಕಿದ. ಕದ ಅಲುಗಲಿಲ್ಲ. ಬೆರಳು ಹೊರತೆಗೆದರೆ ಕೆಂಪು. ಮೂಸಿ ನೋಡಿ, "ಇದು ಗ್ರೀಸ್ ಅಲ್ಲ. ಏನದು?" ಅಂದ.

ಕುಂಕುಮ. ನಿಮ್ಮ ಅಜ್ಜ ದಸರೆಗೆ ಬಂಪರಿಗೆ ಒಂದು ಬೊಟ್ಟು ಇಟ್ಟು ಮುಗಿಸುತ್ತಿದ್ದರು. ಮೈದುನನಿಗೆ ಅದು ಸಾಲಲಿಲ್ಲ. ಗಾಡಿಯ ಪ್ರಾಣ ಮೂಗಿನಲ್ಲಿದೆ ಎಂದು ಬಾನೆಟ್ ತೆಗೆದು, ಮೂಗಿಗೆ ಅರಿಶಿನ ಕುಂಕುಮ ಮೆತ್ತಿ, ಕಾಯಿ ಒಡೆದ ನೀರನ್ನು ಅದರೊಳಗೇ ಬಿಡುತ್ತಿದ್ದ. ಐದು ದಸರೆಗಳ ಕಾಯಿನೀರು ಒಣಗಿ ಬೆಲ್ಲದ ಪಾಕದಂತೆ ಕದವನ್ನು ಕೆಳಗೇ ಅಂಟಿಸಿತ್ತು. ಗಾಡಿಯ ಉಸಿರು ಕಟ್ಟಿದ್ದು ಭಕ್ತಿಯಿಂದ.

"ಕಾಯಿನೀರು ಒಣಗಿದ್ದು ಬಿಸಿನೀರಿಗಿ ಬಿಡ್ತದ," ಎಂದು ಕುರಿಗೆ ಹೇಳಿದೆ. ಪಾತ್ರೆ ತಿಕ್ಕುವವರಿಗೆ ಗೊತ್ತಿರುವ ಮಾತು.

ಉಸ್ತಾದ ಚಹಾದ ಅಂಗಡಿಯಿಂದ ಬಿಸಿನೀರು ತರಿಸಿ, ಮೂಗನ್ನು ಬಿಚ್ಚಿ ತಿರುವಿ ಹಿಡಿದು ಸುರಿದ. ಕೆಂಪು ನೀರು ಹರಿದು ಅವನ ಚಪ್ಪಲಿಗೆ ಬಣ್ಣ ಹತ್ತಿತು. ಕದ ಬೆರಳಿಗೆ ಅಲ್ಲಾಡಿತು. ಮೂಗು ಒರೆಸಿ ಮತ್ತೆ ಕೂಡಿಸಿ, "ಈಗ ಬಿಲ್ಲಿ ಜೀವಂತ ಅದನೋ ಇಲ್ಲೋ ನೋಡಬೇಕು," ಎಂದು ನಳಿಗೆಯನ್ನು ಮೈದುನನ ಕೈಗೆ ಕೊಟ್ಟ. "ಎಳಿ. ನಾ ಕದ ನೋಡ್ತೇನಿ."

ಮೈದುನ ಎಳೆದ. ಕದ ಅರ್ಧ ಎದ್ದಿತು. ಅಷ್ಟರಲ್ಲಿ ಬೀಡಿಯ ಕೆಮ್ಮು ಬಂದು ನಳಿಗೆ ಬಾಯಿಂದ ಬಿತ್ತು. ಮತ್ತೆ ಎಳೆದ, ಮತ್ತೆ ಕೆಮ್ಮಿದ. ಮೂರನೆಯ ಸಲಕ್ಕೆ ಕಣ್ಣಲ್ಲಿ ನೀರು ಬಂತು.

"ಬಿಲ್ಲಿ ತೂತಾಗ್ಯಾದ," ಅಂದ ಉಸ್ತಾದ ಬೇಸರದಿಂದ. "ಹಿಡೀಲತಿಲ್ಲ. ಈ ಸಾಮಾನು ಈಗ ಎಲ್ಲೂ ಸಿಗಂಗಿಲ್ಲ ಮಿಯಾ. ಕೊಟ್ಟುಬಿಡು ಭಂಗಾರಕ್ಕ."

ತೂತಾದದ್ದು ಮೈದುನನ ಎದೆ, ಬಿಲ್ಲೆಯಲ್ಲ. ಅದು ನನಗೆ ಗೊತ್ತಿತ್ತು. ಕುರಿಗೆ ಹೇಳಿದರೆ ಈ ಸಲ ಪ್ರಯೋಜನವಿರಲಿಲ್ಲ. ಕುರಿ ನಳಿಗೆ ಎಳೆಯುವುದಿಲ್ಲ. ಸುತ್ತ ಭಾಲ್ಕಿಯ ಸಂತೆ, ಆಗಲೇ ಹತ್ತು ಹನ್ನೆರಡು ಗಂಡಸರು ಗಾಡಿಯ ಸುತ್ತ ನಿಂತು ತಮಗೆ ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡುತ್ತಿದ್ದರು. ನಾನು ಎದ್ದು, ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು, ನಳಿಗೆಯನ್ನು ಸೆರಗಿನೊಳಗೆ ತೆಗೆದುಕೊಂಡೆ. ಉಸಿರು ಎಳೆದೆ. ನಾಲಿಗೆ ಹಚ್ಚಿದೆ.

"ಎದ್ದದ," ಅಂದ ಉಸ್ತಾದ.

ನಾನು ಮನಸ್ಸಿನಲ್ಲೇ ಎಣಿಸಿದೆ. ಏಳರ ನಂತರ ನಿಧಾನ ಮಾಡಿದೆ, ನಿಮ್ಮ ಅಜ್ಜ ಮಾಡುತ್ತಿದ್ದಂತೆ.

"ನಿಂತದ," ಅಂದ ಉಸ್ತಾದ ಮತ್ತೆ. "ಕೆಳಗ ಇಳೀಲಿಲ್ಲ. ಬಿಲ್ಲಿ ಪಕ್ಕಾ ಅದ. ಬಿಡ್ರಿ ಬಹೆನ್."

ಹತ್ತು ಮುಗಿಸಿಯೇ ಬಿಟ್ಟೆ. ಮೈದುನ ನನ್ನನ್ನು ನೋಡುತ್ತಿದ್ದ ರೀತಿ, ಮನೆಯ ರುಬ್ಬುವ ಕಲ್ಲು ಎದ್ದು ನಡೆದಂತೆ.

ಅಲ್ಲಿಗೆ ಮುಗಿದಿದ್ದರೆ ನಾನು ದೊಡ್ಡವಳಾಗಿಯೇ ಮನೆಗೆ ಬರುತ್ತಿದ್ದೆ. ಉಸ್ತಾದ ಸುರುಳಿ ಕೊಳವೆಯ ಕೆಳ ತುದಿ ಹಿಡಿದು, "ಕದ ಎದ್ದು ಏನ್ ಮಾಡತದ? ಇದು ಬಿಸಿ ಗಾಳಿ ಎಲ್ಲಿಂದ ತರಬೇಕು? ಹೊಗಿ ಹೋಗೋ ಕೊಳವಿ ಮ್ಯಾಲ ಒಂದು ತಗಡಿನ ಟೊಪಗಿ ಇರಬೇಕಲ್ಲ, ಎಲ್ಲದ?" ಎಂದು ಕೇಳಿದ.

"ಅಂಥದ್ದು ಯಾವುದೂ ಇರಲಿಲ್ಲರಿ," ಎಂದು ಮೈದುನ ಖಂಡಿತವಾಗಿ ಹೇಳಿದ.

ಉಸ್ತಾದ ಮಣ್ಣಿನಲ್ಲಿ ಬೆರಳಿಂದ ಬರೆದು ತೋರಿಸಿದ. ಅರ್ಧ ಡೋಲಿನಂತೆ ಬಾಗಿದ ತಗಡು. ಅಂಚಿಗೆ ಎರಡು ತೂತು. ಒಂದು ಪಕ್ಕಕ್ಕೆ ದುಂಡು ಬಾಯಿ, ಕೊಳವೆ ಸಿಕ್ಕಿಸಲು.

ಆ ದುಂಡು ಬಾಯಿಗೆ ನಾನು ದಿನಾ ಇಕ್ಕಳ ಸಿಕ್ಕಿಸುತ್ತಿದ್ದೆ.

ನಿಮ್ಮ ಅಜ್ಜ ತೀರಿಕೊಂಡ ವರ್ಷ ಮೈದುನ ಇಂಜಿನ್ ಬಿಚ್ಚಿಸಿದಾಗ ಬೇಡವಾದ ಸಾಮಾನೆಂದು ಅಂಗಳಕ್ಕೆ ಎಸೆದದ್ದರಲ್ಲಿ ಅದೂ ಇತ್ತು. ಮಸಿ ಹಿಡಿದು ಕಪ್ಪಾಗಿತ್ತು. ಗಾಡಿಯ ಹೊಟ್ಟೆಯ ಒಳಗೆ ಇದ್ದದ್ದು, ನಾನು ಮೊದಲು ಕಂಡಿರಲಿಲ್ಲ. ಬಾಗಿದ ರೀತಿ ನೋಡಿದ ಕೂಡಲೇ ಒಲೆಯ ಮುಂದೆ ರೊಟ್ಟಿ ಆನಿಸಲು ಹೇಳಿ ಮಾಡಿಸಿದಂತಿದೆ ಅನ್ನಿಸಿತು. ಬೂದಿ ಹಚ್ಚಿ ತಿಕ್ಕಿ ತಂದುಕೊಂಡೆ. ಕದ ಏಳುತ್ತಿದ್ದಷ್ಟು ವರ್ಷ ಕೊಳವೆ ಇಂಜಿನ್ನಿನ ಝಳವನ್ನಾದರೂ ಎಳೆಯುತ್ತಿತ್ತು, ಕದ ಅಂಟಿದ ಮೇಲೆ ಅದೂ ನಿಂತಿತ್ತು. ಗಾಡಿ ಸೇತುವೆಯ ಮೇಲೆ ಥಂಡಿಗೆ ಸಾಯುತ್ತಿದ್ದಾಗ, ಅದರ ಟೊಪ್ಪಿಗೆ ನಮ್ಮ ಮನೆಯಲ್ಲಿ ಬೆಚ್ಚಗೆ ಕೂತು ರೊಟ್ಟಿ ಉಬ್ಬಿಸುತ್ತಿತ್ತು. ಮೈದುನನ ಭಕ್ತಿಗೆ ನಕ್ಕವಳು ನಾನು.

ಮತ್ತೆ ಕುರಿಯ ಹತ್ತಿರ ಕೂತೆ. "ಟೊಪಗಿ ಒಲಿ ಮುಂದದ," ಎಂದು ಅದರ ಕಿವಿಯಲ್ಲಿ ಹೇಳಿದೆ.

ಉಸ್ತಾದನಿಗೆ ಕೇಳಿಸಿತು. ಅವನ ಗಡ್ಡ ಅಲುಗಿತು. ನಗಲಿಲ್ಲ, ಅಷ್ಟು ದೊಡ್ಡ ಮನುಷ್ಯ. "ಕುರಿ ಏನೋ ಹೇಳಲತದ," ಎಂದು ಮೈದುನನಿಗೆ ಅಂದ. "ಮನಿಗಿ ಹೋಗಿ ಅಡಿಗಿ ಮನಿ ನೋಡು. ತಂತಿ ಹಾಕಿ ಬಿಗಿ. ಕೊಳವಿ ಅದರ ಬಾಯಿಗಿ ಸಿಕ್ಕಸು."

"ಕುರಿ ಒಯ್ಯಂಗಿಲ್ಲೇನು ಚಾಚಾ?" ಎಂದು ಮೈದುನ ಕೇಳಿದ.

"ಇಷ್ಟು ಶಾಣ್ಯಾ ಕುರಿ ಕಡದ್ರ ನಮ್ಮ ಮನ್ಯಾಗ ಯಾರಿಗೂ ಅರಗಂಗಿಲ್ಲ," ಎಂದು ಅವನು ಬೇರೆ ಕುರಿ ನೋಡಲು ಹೋದ.

ಮರುದಿನ ತಗಡಿಗೆ ಹತ್ತಿದ್ದ ಸುಟ್ಟ ಜೋಳದ ಹಿಟ್ಟನ್ನು ಚಾಕುವಿನಿಂದ ಕೆರೆದು ಕೊಟ್ಟೆ. ಎಲ್ಲ ಹೋಗಲಿಲ್ಲ. ಮೈದುನ ಅದನ್ನು ತೆಗೆದುಕೊಂಡು ಹೋಗಿ ತಂತಿ ಹಾಕಿ ಬಿಗಿದ. ನಾನು ಅವನ ಪೂಜೆಯ ಬಗ್ಗೆ ಎಲ್ಲೂ ಹೇಳಬಾರದು, ಅವನು ನನ್ನ ತಗಡಿನ ಬಗ್ಗೆ ಎಲ್ಲೂ ಹೇಳಬಾರದು ಎಂದು ಇಬ್ಬರಿಗೂ ಹೇಳದೆಯೇ ಗೊತ್ತಾಯಿತು. ಆ ಒಪ್ಪಂದವನ್ನು ಈಗ ನಾನು ಮುರಿಯುತ್ತಿದ್ದೇನೆ. ನೀವು ಕೇಳಿದಾಗ ಅವನು ದನಗಳಿಗೆ ನೀರು ಕುಡಿಸಲು ಎದ್ದು ಹೋದದ್ದು ಆ ಒಪ್ಪಂದದಿಂದಲೇ.

ಮುಂದಿನ ಸಂತೆಯ ಮುಂಜಾನೆ ಹೊಳೆಯ ಮೇಲೆ ಮಂಜು ಎಷ್ಟಿತ್ತೆಂದರೆ ಕಲ್ಲಿನ ಮೇಲಿನ ಬಾವುಟವೂ ಕಾಣಲಿಲ್ಲ. ಭಾಲ್ಕಿಯಲ್ಲಿ ಭಂಗಾರದವ ಕೀಲಿಗಾಗಿ ಕಾಯುತ್ತಿದ್ದ. ಇಂಜಿನ್ ಬಿಸಿಯಾಗುತ್ತಿದ್ದಂತೆ ಗಾಡಿಯೊಳಗೆಲ್ಲ ಜೋಳದ ರೊಟ್ಟಿ ಸೀದ ವಾಸನೆ ತುಂಬಿತು. ಮೈದುನ ಮೂಗು ಅರಳಿಸಿ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಕಲ್ಲು ದಾಟಿತು. ಸೇತುವೆಯ ನಡುವೆ ಬಂದಾಗ ನಾನು ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿದಿದ್ದೆ, ನಳಿಗೆ ಇನ್ನೂ ಬಾಯಲ್ಲಿದೆಯೇನೋ ಎಂಬಂತೆ. ಗಾಡಿ ಕೆಮ್ಮಲಿಲ್ಲ. ಸೇತುವೆ ಮುಗಿಯಿತು.

ಮೈದುನ ಆ ಕಡೆಯ ದಂಡೆಗೆ ಹೋಗಿ ಗಾಡಿಯನ್ನು ತಾನೇ ನಿಲ್ಲಿಸಿದ.

"ಏನಾತು?" ಎಂದು ನೇರವಾಗಿ ಅವನನ್ನೇ ಕೇಳಿದೆ. ಕುರಿ ಹಿಂದೆ ಇತ್ತು.

"ಏನಿಲ್ಲ ವೈನಿ," ಎಂದು ಸೀಟಿನ ಕೆಳಗಿನಿಂದ ಕಾಯಿ ತೆಗೆದ. "ದೇವರು ಕಾಪಾಡ್ಯಾನ, ಒಂದು ಕಾಯಿ ಒಡದು ಬರ್ತೇನಿ."

"ಕಲ್ಲಿಗಿ ಒಡೀರಿ," ಅಂದೆ. "ಮೂಗಿಗಿ ಬ್ಯಾಡ."

ಅವನು ಮಂಜಿನೊಳಗೆ ಸೇತುವೆಯ ಮೇಲೆ ಹಿಂದಕ್ಕೆ ನಡೆದು ಹೋದ. ನಾನು ರೊಟ್ಟಿ ವಾಸನೆಯ ಗಾಡಿಯೊಳಗೆ ಬೆಚ್ಚಗೆ ಕೂತು ಹೊಳೆ ಇರಬೇಕಾದ ಕಡೆ ನೋಡಿದೆ. ಇಂಜಿನ್ ಬಂದ್ ಮಾಡಿರಲಿಲ್ಲ. ಅದು ಒಂದೇ ಸಮನೆ ಉಸಿರಾಡುತ್ತಿತ್ತು.